ಕರೆದರೂ ಬರಲಿಲ್ಲ

ನಾನೂರ ಹನ್ನೆರಡು ಹೆಂಗಸರ ಹೆಸರಿನ ಮುಂದೆ ‘ಕರೆದರೂ ಬರಲಿಲ್ಲ’ ಎಂದು ಬರೆಯಲಾಯಿತು. ಅವರನ್ನು ಯಾರೂ ಕರೆದಿರಲಿಲ್ಲ.

ಆ ಪಟ್ಟಿಯನ್ನು ತಂದವನು ಗುಮಾಸ್ತ. ಅವನು ಗುರುವಾರ ಬರುವವನು. ಮುಖ್ಯ ಕಚೇರಿಯಿಂದ ಕಂಪ್ಯೂಟರಿನಲ್ಲಿ ಕಳಿಸಿದರೆ ಕಣ್ಣು ಮಿಟುಕಿಸುವುದರೊಳಗೆ ತಲುಪುವ ಕಾಗದವನ್ನು ಎರಡು ಬಸ್ಸು ಬದಲಿಸಿ ಕೈಯಾರೆ ತಂದು ಕೊಡುತ್ತಿದ್ದ. ನೆಟ್ ಕೆಟ್ಟಿದೆ ಎನ್ನುತ್ತಿದ್ದ.

“ಗುರುವಾರ ಮಾತ್ರ ಕೆಡೋ ನೆಟ್ಟು ಇದು,” ಎಂದು ಕಸ ಗುಡಿಸುವ ಅಕ್ಕ ತನ್ನ ಪೊರಕೆಗೆ ಹೇಳುತ್ತಿದ್ದಳು. ಗುಮಾಸ್ತನ ಕಿವಿ ಕೆಂಪಾಗುತ್ತಿತ್ತು. ಅದನ್ನು ಕಂಡೂ ಕಾಣದವಳಂತೆ ಸಿಸ್ಟರ್ ಯಂತ್ರದ ತಟ್ಟೆ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ನಿಜಕ್ಕೂ ಅವಳು ಸಿಸ್ಟರ್ ಅಲ್ಲ, ಓದಿದ್ದು ಎಕ್ಸ್‌ರೇ ಕೆಲಸ. ಆದರೆ ಬಿಳಿ ಕೋಟು ತೊಟ್ಟ ಹೆಂಗಸರೆಲ್ಲ ಆ ಬಡಾವಣೆಗೆ ಸಿಸ್ಟರೇ. ಬಡ ಹೆಂಗಸರ ಎದೆಯ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡಲೆಂದು ಸರ್ಕಾರದ ದುಡ್ಡಿನಲ್ಲಿ ತಂದ ಯಂತ್ರ ಅವಳ ಕೋಣೆಯಲ್ಲಿತ್ತು. ಎದೆಯನ್ನು ಒತ್ತಿ ಹಿಡಿಯುವ ಅದರ ತಟ್ಟೆ ಯಾವಾಗಲೂ ಕೊರೆಯುವಷ್ಟು ತಣ್ಣಗೆ. ಒಬ್ಬೊಬ್ಬ ಹೆಂಗಸನ್ನು ಒಳಗೆ ಕರೆಯುವ ಮುಂಚೆಯೂ ಸಿಸ್ಟರ್ ಅದರ ಮೇಲೆ ಎರಡೂ ಅಂಗೈ ಊರಿ, ಒಂದು ನಿಮಿಷ ನಿಂತು, ಬೆಚ್ಚಗೆ ಮಾಡುತ್ತಿದ್ದಳು. ಯಾವ ಪುಸ್ತಕದಲ್ಲೂ ಇಲ್ಲದ ಈ ಪದ್ಧತಿಯನ್ನು ಗುಮಾಸ್ತ ಒಮ್ಮೆ ತೆರೆದ ಬಾಗಿಲಲ್ಲಿ ನಿಂತು ಕಂಡಿದ್ದ. ಕೋಣೆ ಖಾಲಿಯಿತ್ತು, ಅವಳು ಕಣ್ಣು ಮುಚ್ಚಿದ್ದಳು. ನೆಟ್ಟು ಕೆಡತೊಡಗಿದ್ದು ಅಂದಿನಿಂದ.

ಇಲಾಖೆಯ ಯಜಮಾನರನ್ನು ಎಲ್ಲರೂ ರಿಬ್ಬನ್ ಸಾಹೇಬರು ಎನ್ನುತ್ತಿದ್ದರು, ಬೆನ್ನ ಹಿಂದೆ. ಈ ಒಂದೇ ಕೋಣೆಗೆ ಅವರು ಮೂರು ಸಲ ರಿಬ್ಬನ್ ಕತ್ತರಿಸಿದ್ದರು: ಯಂತ್ರ ಬಂದಾಗ, ಬೆಂಚು ಬಂದಾಗ, ಬೆಂಚು ಬಂದಿದೆ ಎಂದು ಸಾರುವ ಬೋರ್ಡು ಬಂದಾಗ. ನಾಲ್ಕನೆಯ ಸಲ ಕತ್ತರಿಸಿದ್ದು ಫೋನ್ ಮಾಡಿ ಹೆಂಗಸರನ್ನು ಕರೆಯುತ್ತಿದ್ದ ಹುಡುಗಿಯ ಕೆಲಸವನ್ನು. ಉಳಿತಾಯವಂತೆ. ಕಚೇರಿಯೇ ಕರೆದು ನಂಬರು ಕೊಡದೆ ಯಾರನ್ನೂ ಯಂತ್ರದ ಮುಂದೆ ನಿಲ್ಲಿಸಕೂಡದು ಎನ್ನುವ ನಿಯಮವನ್ನು ಮಾತ್ರ ಕತ್ತರಿ ಮುಟ್ಟಲಿಲ್ಲ. ಬಾಗಿಲು ತೆರೆದಿಟ್ಟು ಮೆಟ್ಟಿಲು ಕಿತ್ತ ಹಾಗೆ.

ಆ ಗುರುವಾರದ ಪಟ್ಟಿಯ ಕೊನೆಯಲ್ಲಿ ಸಿಸ್ಟರ್ ಸಹಿಗೆ ಜಾಗವಿತ್ತು. ಹೆಂಗಸರಿಗೇ ಆಸಕ್ತಿಯಿಲ್ಲ ಎಂದು ಅವಳು ಸಹಿ ಹಾಕಿದರೆ ತಿಂಗಳ ಕೊನೆಗೆ ಕೋಣೆಗೆ ಬೀಗ. ಯಂತ್ರ ಮೇಲಿನ ಮಹಡಿ ಹತ್ತುತ್ತದೆ, ದುಡ್ಡು ಕೊಟ್ಟು ಮಾಡಿಸಿಕೊಳ್ಳುವವರ ವಿಭಾಗಕ್ಕೆ.

ಅವಳು ಬೆರಳಿಟ್ಟು ಓದುತ್ತ ಹೋದಳು. ಮೂವತ್ತೇಳನೆಯ ಸಾಲಿನಲ್ಲಿ ಬೆರಳು ನಿಂತಿತು. ತಲೆಯೆತ್ತಿ, ಹೊಸ್ತಿಲು ಗುಡಿಸುತ್ತಿದ್ದವಳನ್ನು ಕೇಳಿದಳು: “ಅಕ್ಕಾ, ನಿನ್ನನ್ನ ಯಾರಾದರೂ ಕರೆದಿದ್ರಾ?”

“ನನ್ನನ್ನಾ? ಎರಡು ವರ್ಷದಿಂದ ಈ ಬಾಗಿಲಲ್ಲೇ ಬಗ್ಗಿಕೊಂಡಿದೀನಿ. ಕರೆಯೋಕೆ ಫೋನ್ ಯಾಕೆ, ಕೆಮ್ಮಿದ್ರೆ ಸಾಕು.”

ಅಕ್ಕನ ತಂಗಿ ಇದೇ ರೋಗಕ್ಕೆ ಸತ್ತು ಮೂರು ವರ್ಷ. ನನ್ನ ಸರದಿ ಯಾವಾಗ ಎಂದು ಅಕ್ಕ ಆಗಾಗ ಕೇಳುವಳು. ನಂಬರು ಬರಲಿ ಎನ್ನುವಳು ಸಿಸ್ಟರ್.

ಆರು ತಿಂಗಳಿಂದ ಗುಮಾಸ್ತ ಹಂಬಲಿಸಿದ್ದು ಅವಳು ಒಮ್ಮೆ ಕಣ್ಣಿಗೆ ಕಣ್ಣಿಟ್ಟು ನೋಡಲಿ ಎಂದು. ನೋಡಿದಳು. ಚಪ್ಪಲಿಗೆ ಏನು ಮೆತ್ತಿಕೊಂಡಿತು ಎಂದು ನೋಡುತ್ತಾರಲ್ಲ, ಹಾಗೆ.

“ಇದನ್ನ ಟೈಪ್ ಮಾಡಿದ್ದು ಯಾರು?”

“ನಾನೇ.”

ಅವನು ಅಡಗಿಸಲಿಲ್ಲ. ಕಂಪ್ಯೂಟರಿನಲ್ಲಿ ಎರಡೇ ಚೌಕ ಎಂದ. ಒಂದು ‘ಬಂದರು’, ಇನ್ನೊಂದು ‘ಕರೆದರೂ ಬರಲಿಲ್ಲ’. ಕರೆಯಲೇ ಇಲ್ಲ ಎನ್ನುವುದಕ್ಕೆ ಚೌಕವಿಲ್ಲ. ಖಾಲಿ ಬಿಟ್ಟರೆ ಪುಟ ಮುಂದಕ್ಕೆ ಹೋಗದು. ಊಟದ ಹೊತ್ತಾಗಿತ್ತು. ಅಷ್ಟೂ ಹೆಸರಿಗೆ ಗುಂಡಿ ಒತ್ತಿ ಊಟಕ್ಕೆ ಎದ್ದಿದ್ದ. ಸಾಹೇಬರಿಗೆ ಅದು ರೋಗಿ ಬಯಸಿದ ಹಾಲಾಯಿತು.

“ಪುಟ ಮುಂದಕ್ಕೆ ಹೋಗಬೇಕಿತ್ತು ನಿಮಗೆ,” ಎಂದಳು. “ಹೋಗಿ. ನೀವೂ ಮುಂದಕ್ಕೆ ಹೋಗಿ.”

ಅವನು ಹೋದ. ಅವಳು ಪಟ್ಟಿಯನ್ನು ಡ್ರಾಯರಿಗೆ ತುರುಕಿದಳು. ಆಮೇಲೆ, ತಟ್ಟೆ ಒರೆಸುವಾಗ, ಬೇಡದ ಯೋಚನೆಯೊಂದು ಬಂತು. ಎರಡು ವರ್ಷ ಅಕ್ಕನಿಗೆ ನಂಬರು ಬರಲಿ ಎಂದವಳು ತಾನು. ಅವನು ಬೆರಳಲ್ಲಿ ಮಾಡಿದ್ದನ್ನು ತಾನು ನಾಲಿಗೆಯಲ್ಲಿ ಮಾಡಿದ್ದಳು. ಅವನ ಮೇಲಿನ ತಾತ್ಸಾರದಲ್ಲಿ ಅರ್ಧ ತನ್ನ ಪಾಲು ಎಂದು ತಿಳಿದು ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ಗುರುವಾರ ಅವನು ಬರಲಿಲ್ಲ. ಸಿಸ್ಟರ್ ಬಾಗಿಲ ಕಡೆ ನೋಡಿದಳು, ಗಡಿಯಾರ ನೋಡುವ ನೆಪದಲ್ಲಿ. ಗಡಿಯಾರ ಇದ್ದದ್ದು ಎದುರು ಗೋಡೆಯಲ್ಲಿ.

“ನೆಟ್ ಸರಿಹೋಯ್ತು ಅಂತ ಕಾಣತ್ತೆ,” ಎಂದಳು ಅಕ್ಕ.

ಅವನ ಬದಲು ಬಂದವಳು ಇಸ್ತ್ರಿ ಅಂಗಡಿಯ ಹೆಂಗಸು. ಕೈಯಲ್ಲಿ ನಂಬರು ಬರೆದ ಚೀಟಿ.

“ಒಬ್ಬ ಗಂಡಸು ಫೋನ್ ಮಾಡಿದ ಸಿಸ್ಟರ್. ‘ಆ ಭಾಗದ ಪರೀಕ್ಷೆ’ ಅಂದ. ಯಾವ ಭಾಗನಪ್ಪಾ ಅಂತ ಕೇಳಿದ್ದಕ್ಕೆ ಫೋನೇ ಇಟ್ಬಿಟ್ಟ. ಐದು ನಿಮಿಷ ಬಿಟ್ಟು ಮತ್ತೆ ಮಾಡಿ ‘ಎದೆ’ ಅಂದ, ಮೇಷ್ಟ್ರಿಗೆ ಮಗ್ಗಿ ಒಪ್ಪಿಸೋ ಹಾಗೆ.”

ಸಿಸ್ಟರ್ ಮುಖ ತಿರುಗಿಸಿ ನಕ್ಕಳು. ತಟ್ಟೆ ಅಂದು ಬೇಗ ಬೆಚ್ಚಗಾಯಿತು.

ದಿನವೂ ಊಟದ ಹೊತ್ತಿನಲ್ಲಿ ಅವನು ಕರೆಯುತ್ತಿದ್ದ. ಕರೆಯುವ ಹುಡುಗಿಯ ಕುರ್ಚಿ ಖಾಲಿಯಿತ್ತು, ನಂಬರು ಕೊಡುವ ಪುಸ್ತಕ ಅವಳ ಮೇಜಿನಲ್ಲೇ ಇತ್ತು. ಇನ್ಯಾರೂ ಕೊಡಬಾರದು ಎಂದು ಬರೆಯಲು ಸಾಹೇಬರು ಮರೆತಿದ್ದರು. ಸೋಮವಾರದ ಹೊತ್ತಿಗೆ ಅವನ ನಾಲಿಗೆ ತಿರುಗಿತ್ತು. ಒಬ್ಬಳ ಅತ್ತೆ ಫೋನ್ ಎತ್ತಿ ಬೈದರೆ, ನಿಮಗೂ ನಂಬರು ಕೊಡ್ತೀನಿ ಅಮ್ಮ, ಇಬ್ಬರೂ ಬನ್ನಿ ಎಂದನಂತೆ. ಇಬ್ಬರೂ ಬಂದರು, ದಾರಿಯುದ್ದಕ್ಕೂ ಜಗಳವಾಡುತ್ತ. ಆಸಕ್ತಿಯಿಲ್ಲದ ಹೆಂಗಸರಿಂದ ಬೆಂಚು ತುಂಬಿ, ಮಿಕ್ಕವರು ಸಾಹೇಬರ ಬೋರ್ಡಿಗೆ ಬೆನ್ನು ಕೊಟ್ಟು ನಿಂತರು.

ತಿಂಗಳ ಕೊನೆಯ ದಿನ ಅವನೇ ಬಂದ. ಗುರುವಾರವಾಗಿರಲಿಲ್ಲ. ನೇರ ಅಕ್ಕನ ಮುಂದೆ ನಿಂತು ಚೀಟಿ ಚಾಚಿದ. ಅವಳಿಗೆ ಫೋನ್ ಮಾಡಲು ನಾಚಿಕೆಯಾಯಿತೆಂದು, ಎದುರು ನಿಂತೇ ಕರೆಯಬೇಕೆನಿಸಿತೆಂದು ಹೇಳಿದ. ಅಕ್ಕ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಪೊರಕೆಯನ್ನು ಅವನ ಕೈಗೆ ಕೊಟ್ಟು, ಒಳಗೆ ಹೋಗಿ ಒಳಚಿಲಕವಿಲ್ಲದ ಬಾಗಿಲು ಮುಂದೆ ಮಾಡಿಕೊಂಡಳು.

ಸಿಸ್ಟರ್ ಹೊರಗೇ ನಿಂತಿದ್ದಳು.

“ಗುರುವಾರ ಬರಲಿಲ್ಲ ನೀವು.”

“ನೀವು ಕರೀಲಿಲ್ಲ.”

“ಕರೆಯೋದು ನಿಮ್ಮ ಕೆಲಸ ಅಂದ್ಕೊಂಡಿದ್ದೆ.”

“ಮುನ್ನೂರು ಜನರನ್ನ ಕರೆದೆ,” ಎಂದ ಅವನು ಪೊರಕೆಯನ್ನೇ ನೋಡುತ್ತ. “ಒಬ್ಬರನ್ನ ಕರೆಯೋಕೆ ಮಾತ್ರ ಬಾಯಿ ಬರಲಿಲ್ಲ.”

ಕಿವಿ ಕೆಂಪಾಗಿತ್ತು. ಅವಳು ಪೊರಕೆ ತೆಗೆದು ಗೋಡೆಗೆ ಒರಗಿಸಿದಳು. ಅವನ ಕೈ ಮಂಜಿನಂತೆ ತಣ್ಣಗಿತ್ತು. ಅದನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡಳು. ಒಂದು ನಿಮಿಷ, ಪದ್ಧತಿಯ ಪ್ರಕಾರ. ಬೆಂಚಿನ ಹೆಂಗಸರು ಮಾತು ನಿಲ್ಲಿಸಿ ಗೋಡೆ, ಕಿಟಕಿ, ಸೀಲಿಂಗು ಎಲ್ಲವನ್ನೂ ಶ್ರದ್ಧೆಯಿಂದ ನೋಡಿದರು.

ನಿಮಿಷ ಮುಗಿಯುವ ಮುಂಚೆ ರಿಬ್ಬನ್ ಸಾಹೇಬರು ಬಂದರು. ಜೊತೆಗೆ ಯಂತ್ರ ಹೊರಲು ನಾಲ್ವರು, ಹೊಸ ಬೀಗ ಒಂದು. ಸಹಿಯಾಗದ ಪಟ್ಟಿ ಎಲ್ಲಿ, ಸಹಿ ಆಮೇಲೂ ಆದೀತು ಎಂದರು. ಸಿಸ್ಟರ್ ಬೆಂಚಿನತ್ತ ಕೈ ತೋರಿ, ಬಂದಿದ್ದಾರೆ ನೋಡಿ ಎಂದಳು. ಅವರು ನೋಡಲಿಲ್ಲ. ಬಡ ಹೆಂಗಸರನ್ನು ಫೋಟೋದವನಿಲ್ಲದೆ ನೋಡಿ ಅವರಿಗೆ ಅಭ್ಯಾಸವಿರಲಿಲ್ಲ. ಬೀಗವನ್ನು ಗುಮಾಸ್ತನಿಗೆ ಚಾಚಿ, ಒಳಗಿರುವವಳನ್ನು ಹೊರಗೆ ಕಳಿಸಿ ಬೀಗ ಜಡಿ ಎಂದರು.

“ಹಾಕಲ್ಲ ಸರ್,” ಎಂದ ಗುಮಾಸ್ತ. ಮಗ್ಗಿ ಒಪ್ಪಿಸುವ ದನಿಯಲ್ಲ, ಸೋಮವಾರದ ದನಿ.

ಕೆಲಸ ಹೋಗುತ್ತದೆ ಎಂದರು ಸಾಹೇಬರು. ಅವನ ಮುಖ ಬಿಳಿಚಿತು. ಹೋಗುವುದೆಂದು ಅವನಿಗೂ ಗೊತ್ತಿತ್ತು.

“ಬಾ,” ಎಂದಳು ಸಿಸ್ಟರ್ ಅವನಿಗೆ. “ಇಲ್ಲಿ ಕೂತು ಇವರ ಹೆಸರು ಬರ್ಕೋ. ನಾನು ಒಳಗೆ ಹೋಗ್ತೀನಿ.”

‘ನೀವು’ ಹೋಗಿ ‘ನೀನು’ ಆದದ್ದು ಬೆಂಚಿಗೆಲ್ಲ ಕೇಳಿಸಿತು. ಇಸ್ತ್ರಿಯವಳು ಪಕ್ಕದವಳ ತೊಡೆ ಚಿವುಟಿದಳು. ಅವನು ಕೂತು, ಬಿಳಿ ಹಾಳೆಯ ಮೇಲೆ ಗೆರೆ ಎಳೆದ. ಚೌಕ ಎರಡಲ್ಲ, ಮೂರು.

ಸಿಸ್ಟರ್ ಒಳಗೆ ಹೋಗಿ ತಟ್ಟೆಯ ಮೇಲೆ ಅಂಗೈ ಊರಿದಳು. ಹೊರಗೆ ಸಾಹೇಬರು ತಾವೇ ಬಾಗಿಲು ಬಡಿದರು. ಎರಡು ವರ್ಷದಲ್ಲಿ ಅವರು ತಮ್ಮ ಬಾಯಿಂದ ಒಬ್ಬ ಹೆಂಗಸನ್ನು ಕರೆದದ್ದು ಅದೇ ಮೊದಲು.

“ಏಯ್, ಯಾರಮ್ಮ ಒಳಗೆ? ಕರೀತಿದೀನಲ್ಲ, ಬಾ ಹೊರಗೆ.”

ಅಕ್ಕ ರವಿಕೆಯನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಯಂತ್ರದ ಮುಂದೆ ನೆಟ್ಟಗೆ ನಿಂತಳು.

“ಬರಲ್ಲ,” ಎಂದಳು.