ಚೂರುಚೂರು ಖಾಲಿ ಜಾಗ

ಕಬ್ಬಿಣದ ರಾಡು ನನ್ನ ಕಿವಿಯ ಪಕ್ಕದಲ್ಲೇ ಹಾದು ಗೋಡೆಯ ಗಾರೆ ಕಿತ್ತಿತು.

"ಪಕ್ಕಕ್ಕೆ ಸರಿ. ಕಂಪ್ಯೂಟರ್ ಆಫ್ ಮಾಡ್ಬೇಕು."

ಹೇಳಿದವನು ಮ್ಯಾನೇಜರ್‌ನ ಬಂಟ. ಅವನಿಗೆ ಕತ್ತೇ ಇರಲಿಲ್ಲ. ಹೆಗಲ ಮೇಲೆ ನೇರವಾಗಿ ತಲೆ. ಅದರೊಳಗೆ ಏನೂ ಇರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

"ಮೊದಲು ನನ್ನನ್ನ ಆಫ್ ಮಾಡು," ಅಂದೆ. ಪ್ಲಗ್ ನನ್ನ ಬೆನ್ನ ಹಿಂದಿತ್ತು.

ವಿಷಯ ಇಷ್ಟೇ, ಕೇಳಿ. ಕೆಟ್ಟುಹೋದ ಪ್ರೋಗ್ರಾಮ್‌ಗಳ ಪೋಸ್ಟ್‌ಮಾರ್ಟಂ ನನ್ನ ಕಸುಬು. ಇದು ಬಂದರಿನ ಕ್ರೇನ್ ಕಂಟ್ರೋಲ್ ರೂಮು. ಇಲ್ಲಿ ಕೂತು ಕ್ರೇನ್ ಓಡಿಸುವವರು ನನ್ನ ಅಕ್ಕನ ಗಂಡ. ಮೊನ್ನೆ ಒಂದು ಕಂಟೇನರ್ ಇಳಿಯುತ್ತಾ ಇಳಿಯುತ್ತಾ... ನಿಲ್ಲಲೇ ಇಲ್ಲ. ಕೆಳಗಿದ್ದ ಕೂಲಿಯವನ ಕಾಲು ನುಜ್ಜುಗುಜ್ಜಾಯಿತು.

ಸ್ಟಾಪ್ ಬಟನ್ ಒತ್ತಿದ್ದೆ ಅಂದರು ಭಾವ. ಕಂಪ್ಯೂಟರ್‌ನಲ್ಲಿ ಒತ್ತಿದ ದಾಖಲೆಯೇ ಇಲ್ಲ. ಮನುಷ್ಯನ ಮಾತಿಗೆ ಬೆಲೆ ಯಾರು ಕೊಡ್ತಾರೆ? ಭಾವನನ್ನು ಲಾಕಪ್ಪಿಗೆ ತಳ್ಳಿದರು. ಅಕ್ಕ ಅವತ್ತಿನಿಂದ ಒಲೆ ಹಚ್ಚಿಲ್ಲ. ಪ್ರೋಗ್ರಾಮ್‌ನಲ್ಲೇ ತಪ್ಪಿರಬೇಕು ಅಂತ ನೋಡೋಕೆ ನಾನೇ ಬಂದೆ.

ಮ್ಯಾನೇಜರ್ ಒಳಗೆ ಬಂದ. ಟೈ ಕಟ್ಟಿದ್ದ. ಬುದ್ಧಿಗೂ ಅದೇ ಗಂಟು ಬಿದ್ದಿತ್ತು.

"ಏನಪ್ಪಾ ಪಂಡಿತ, ಪ್ರೋಗ್ರಾಮ್‌ನಲ್ಲಿ ತಪ್ಪೆಲ್ಲಿದೆ? ಸ್ಕ್ರೀನ್ ನೋಡು. ಮೆಮೊರಿ ಅರ್ಧಕ್ಕರ್ಧ ಖಾಲಿ!"

"ಖಾಲಿನೇ. ಆದ್ರೆ ಚೂರುಚೂರು."

"ಅಂದ್ರೆ?"

"ಬಸ್ಸಲ್ಲಿ ಹತ್ತು ಸೀಟು ಖಾಲಿ ಇದೆ ಅನ್ಕೊಳ್ಳಿ. ಮೂಲೆಗೊಂದು. ರೋಗಿಯನ್ನ ಉದ್ದಕ್ಕೆ ಮಲಗಿಸ್ಬೇಕು. ಎಲ್ಲಿ ಮಲಗಿಸ್ತೀರಿ, ಕಂಡಕ್ಟರ್ ತಲೆ ಮೇಲಾ?"

ಅವನು ವಾಚು ನೋಡಿಕೊಂಡ. ನಾನು ಬಿಡಲಿಲ್ಲ.

"ನಿಮ್ಮ ಜಾಣರು ಕಂಡಕಂಡದ್ದಕ್ಕೆಲ್ಲ ಒಂದೊಂದು ಆಬ್ಜೆಕ್ಟ್, ಅಂದ್ರೆ ಮಾಹಿತಿಯ ಮೂಟೆ, ಹುಟ್ಟಿಸಿದ್ದಾರೆ. ಹಗ್ಗ ಅಲುಗಿದ್ರೆ ಒಂದು, ಗಾಳಿ ಬೀಸಿದ್ರೆ ಒಂದು. ಪ್ರತಿಯೊಂದಕ್ಕೂ ಮೆಮೊರಿಯಲ್ಲಿ ಜಾಗ ಬೇಕು. ಕೆಲವು ಹುಟ್ಟಿದ ಕೂಡಲೇ ಸಾಯ್ತವೆ. ಕೆಲವು ಜಪ್ಪಯ್ಯ ಅಂದ್ರೂ ಜಾಗ ಬಿಟ್ಟು ಏಳಲ್ಲ. ಅವುಗಳ ಮಧ್ಯೆ ಮಧ್ಯೆ ಸಣ್ಣಸಣ್ಣ ಖಾಲಿ ಜಾಗ. ಹಿಂದೆ ಪಾಳಿ ಬದಲಾದಾಗೆಲ್ಲ ಆಫ್ ಮಾಡಿ ಆನ್ ಮಾಡ್ತಿದ್ರು, ಎಲ್ಲ ಗುಡಿಸಿ ಹೋಗ್ತಿತ್ತು. ನೀವು ಅದನ್ನ ನಿಲ್ಲಿಸಿದ್ರಿ."

"ಟೈಮ್ ವೇಸ್ಟ್ ಆಗ್ತಿತ್ತು. ಇಡೀ ತಿಂಗಳು ಒಂದು ಸಲಾನೂ ಆಫ್ ಮಾಡಿಲ್ಲ, ಗೊತ್ತಾ?" ಎದೆ ಉಬ್ಬಿಸಿದ. ಕೆಲವರು ಹೀಗೇ... ತಾವು ಬಿದ್ದ ಗುಂಡಿಯ ಆಳವನ್ನೂ ಹೆಮ್ಮೆಯಿಂದ ಹೇಳ್ಕೊಳ್ತಾರೆ.

"ಸ್ಟಾಪ್ ಅನ್ನೋದೂ ಒಂದು ಆಬ್ಜೆಕ್ಟ್ ಸಾರ್. ಒತ್ತಿದ ಕ್ಷಣದ ಕ್ಯಾಮೆರಾ ಫೋಟೋ ಸಮೇತ ಒಂದೇ ಕಡೆ ಕೂರ್ಬೇಕು, ಅಷ್ಟು ದೊಡ್ಡದು. ಜಾಗ ಸಿಗದಿದ್ರೆ ಸುಮ್ಮನೆ ಬಿಟ್ಟುಬಿಡು ಅಂತ ಬರೆದಿದ್ದಾರೆ, ಪುಣ್ಯಾತ್ಮರು. ಕ್ರೇನೂ ನಿಲ್ಲಲ್ಲ, ಒತ್ತಿದ ದಾಖಲೆಯೂ ಇರಲ್ಲ."

ಮ್ಯಾನೇಜರ್ ದನಿ ತಗ್ಗಿಸಿದ. "ಒಂದು ಸಲ ಆಫ್ ಮಾಡಿದ್ರೆ ಇದೆಲ್ಲ ಅಳಿಸಿ ಹೋಗುತ್ತೆ, ಅಲ್ವಾ?"

"ಹೌದು. ಮುಟ್ಟಬೇಡಿ ಅಂತ ಪೊಲೀಸ್ರು ಹೇಳಿದ್ದಕ್ಕೇ ಇನ್ನೂ ಉಳಿದಿದೆ."

ಅವನು ಬಂಟನಿಗೆ ಕಣ್ಸನ್ನೆ ಮಾಡಿದ.

ಈ ಸಲ ರಾಡು ಗುರಿ ತಪ್ಪಲಿಲ್ಲ. ಹೆಗಲು ಸಿಡಿದುಹೋಯಿತು ಅನ್ನಿಸಿತು. ಕುಸಿದುಬಿದ್ದೆ, ಆದರೆ ಪ್ಲಗ್ಗಿನ ಮೇಲಿನ ಕೈ ತೆಗೆಯಲಿಲ್ಲ. ಬಂಟ ನನ್ನ ಬೆರಳು ಒಂದೊಂದಾಗಿ ಬಿಡಿಸತೊಡಗಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು. ನಾನೇ ಫೋನ್ ಮಾಡಿ ಕರೆಸಿದ್ದ ಇನ್‌ಸ್ಪೆಕ್ಟರ್ ಮೇಡಂ. ಬಂಟನ ರಾಡು ನಾಚಿಕೊಂಡು ಮೇಜಿನ ಕೆಳಗೆ ಸೇರಿತು.

"ಏನ್ರೀ ನಡೀತಿದೆ ಇಲ್ಲಿ?"

"ಪ್ರೋಗ್ರಾಮ್ ಸರಿಯಾಗಿದೆ ಅಂತಿದ್ದಾರೆ ಮೇಡಂ," ಗೋಡೆ ಹಿಡಿದು ಎದ್ದೆ. "ಕ್ರೇನ್ ಖಾಲಿ ಇದೆ, ಕೆಳಗೆ ಯಾರೂ ಇಲ್ಲ. ಇವರೇ ಒಂದು ಸಲ ಸ್ಟಾಪ್ ಒತ್ತಲಿ. ಒತ್ತಿದ್ದು ಸ್ಕ್ರೀನ್ ಮೇಲೆ ಬರ್ಬೇಕು."

ಮ್ಯಾನೇಜರ್ ನಕ್ಕ. ನಗು ಹುಣ್ಣಿನ ಹಾಗೆ ಕಾಣುತ್ತಿತ್ತು. ಮೇಜಿನ ಮೇಲಿನ ಕೆಂಪು ಸ್ಟಾಪ್ ಬಟನ್ ಒತ್ತಿದ.

ಸ್ಕ್ರೀನ್ ಮೇಲೆ ಏನೂ ಬರಲಿಲ್ಲ.

ಮತ್ತೆ ಒತ್ತಿದ. ಮುಷ್ಟಿ ಕಟ್ಟಿ ಗುದ್ದಿದ. ಕುತ್ತಿಗೆಯಲ್ಲಿ ಬೆವರಿಳಿಯಿತು.

ಮೇಡಂ ಸ್ಕ್ರೀನಿಗೆ ಬಗ್ಗಿ ನೋಡಿದರು. "ಏನೂ ಇಲ್ವಲ್ರೀ. ನಿಜವಾಗ್ಲೂ ಒತ್ತಿದ್ರಾ?"

"ಒತ್ತಿದೆ ಮೇಡಂ! ದೇವರಾಣೆಗೂ ಒತ್ತಿದೆ... ದಯವಿಟ್ಟು ನಂಬಿ!"

"ಲಾಕಪ್ಪಲ್ಲಿ ಕೂತು ನಮ್ಮ ಭಾವ ಹೇಳ್ತಿರೋದೂ ಇಷ್ಟೇ ಸಾರ್," ಅಂದೆ.