ಕಡಲ ತೊಟ್ಟಿಯಲ್ಲಿ ಉಕ್ಕಿದ ನೊರೆ

ಸ್ಫೂರ್ತಿಯ ಫೋನು ಬಂದಾಗ ನಾನು ಕೋರ್ಟಿಗೆ ಹೊರಡುವ ತಯಾರಿಯಲ್ಲಿದ್ದೆ. ಅವಳು ನನ್ನ ಚಿಕ್ಕಮ್ಮನ ಮಗಳು, ನಿಲ್ಕುಂದದವಳು. ಸುಲಭಕ್ಕೆ ಅಳುವ ಹುಡುಗಿಯಲ್ಲ. ಅವತ್ತು ಮಾತ್ರ ಅವಳ ದನಿ ನಡುಗುತ್ತಿತ್ತು.

"ದೀಕ್ಷಿತಕ್ಕಾ, ತೊಟ್ಟಿಗೆ ಯಾರೋ ಎಂತೋ ಹಾಕಿದ್ದ. ಎಂತ ಮಾಡವು ಹೇಳಿ ತೆಳಿತಾ ಇಲ್ಲೆ. ಗುರುಶಾಂತವ್ವನ್ನ ಕರ್ಕಂಡು ಬಾ."

ಗುರುಶಾಂತವ್ವ ನನ್ನ ಮನೆಯ ಕೆಳಗಿನ ಅಂತಸ್ತಿನಲ್ಲಿದ್ದರು. ಬನವಾಸಿ ಕಡೆಯವರು. ಹಾಲು ಪರೀಕ್ಷೆಯ ಲ್ಯಾಬೊಂದರ ಮುಖ್ಯಸ್ಥೆಯಾಗಿ ನಿವೃತ್ತರಾದವರು. ಹಾಲಿಗೆ ಬೆರೆಸಿದ ನೀರು, ಯೂರಿಯಾ, ಸಾಬೂನುಗಳನ್ನು ಹಿಡಿದು ಹಿಡಿದು ಅವರಿಗೆ ಮನುಷ್ಯರ ಮಾತಿನಲ್ಲಿ ಬೆರಕೆಯಾದದ್ದೂ ತಿಳಿಯುತ್ತಿತ್ತು. ಇಡಗುಂದಿಯ ಜೇನುತುಪ್ಪದ ತಕರಾರು ಬಗೆಹರಿಸಿದ ಮೇಲಂತೂ ಸುತ್ತಲಿನ ಮೂರು ತಾಲೂಕಿನ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ವಕೀಲೆಯಾದ ನನಗೆ ಅವರ ಜೊತೆ ಓಡಾಡುವುದೇ ಒಂದು ಪಾಠ. ನಾನು ಕೋರ್ಟಿಗೆ ರಜೆ ಹೇಳಿ, ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಿರಸಿಯ ಪೇಟೆಗೆ ಹೊರಟೆ.

ಸ್ಫೂರ್ತಿ ಕಡಲ ಜೀವಿಗಳ ಬಗ್ಗೆ ಓದಿ ಬಂದು, ಪೇಟೆಯ ಓಣಿಯೊಂದರಲ್ಲಿ ಕೋಣೆ ಹಿಡಿದು, ಉಪ್ಪು ಬೆರೆಸಿದ ನೀರಿನಲ್ಲಿ ಸಮುದ್ರದ ಮೀನು ಸಾಕುತ್ತಿದ್ದಳು. ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವ ಕ್ಲೌನ್ ಮೀನುಗಳು ಅವಳ ತೊಟ್ಟಿಯಲ್ಲೇ ಮೊಟ್ಟೆಯಿಟ್ಟು ಮರಿ ಮಾಡಿದ್ದವು. ಯಲ್ಲಾಪುರದಲ್ಲಿ ಆಗಷ್ಟೇ ಕಟ್ಟಿದ್ದ ಮಕ್ಕಳ ವಿಜ್ಞಾನ ಮನೆಗೆ ದೊಡ್ಡದೊಂದು ಮೀನಿನ ತೊಟ್ಟಿ ಬೇಕಾಗಿತ್ತು. ಅದಕ್ಕೆ ಇಬ್ಬರು ಮುಂದೆ ಬಂದಿದ್ದರು: ಸಮುದ್ರದ ಮೀನಿನ ಸ್ಫೂರ್ತಿ, ಸಿಹಿನೀರಿನ ಬಣ್ಣದ ಮೀನು ಮಾರುವ ಪ್ರಥಮ. ಸಮಿತಿಯವರು ಮಾರನೇ ದಿನ ಮಧ್ಯಾಹ್ನ ಅವಳ ತೊಟ್ಟಿ ನೋಡಲು ಬರುವವರಿದ್ದರು.

ನಾವು ಒಳಗೆ ಹೋದಾಗ ನೆಲವೆಲ್ಲ ನೊರೆ. ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲ ಸಂದಿಯಿಂದ ಅದು ಹೊರಬಿದ್ದು ಹೊಸ್ತಿಲವರೆಗೂ ಹಬ್ಬಿತ್ತು. ಮೇಲೆ ತೊಟ್ಟಿಯಲ್ಲಿ ಬರೀ ಕಲ್ಲುಗಳು, ಒಂದು ಮೀನೂ ಕಾಣಲಿಲ್ಲ. ಸ್ಫೂರ್ತಿಯ ಸಹಾಯಕ ಕಾರ್ತಿಕ ನನ್ನನ್ನು ಪಕ್ಕಕ್ಕೆ ಕರೆದು, ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವೆಂದೂ, ತಾನು ಕಂಡ ಕೂಡಲೇ ಅವನ್ನೆಲ್ಲ ಹಿಂದಿನ ಕೋಣೆಯ ನೀಲಿ ಡ್ರಮ್ಮಿನ ಹೊಸ ಉಪ್ಪುನೀರಿಗೆ ಬಿಟ್ಟೆನೆಂದೂ ಹೇಳಿದ. ಒಂದೂ ಸತ್ತಿರಲಿಲ್ಲ. ಆ ವಿಷಯ ಅವನಿಗೂ ಸ್ಫೂರ್ತಿಗೂ ಹೊರತು ಯಾರಿಗೂ ಗೊತ್ತಿರಲಿಲ್ಲ.

ಬಾಗಿಲಲ್ಲಿ ಕಟ್ಟಡದ ಮಾಲೀಕರಾದ ಪರಮೇಶ್ವರಪ್ಪನವರು ನಿಂತು ಗೊಣಗುತ್ತಿದ್ದರು. ಪಕ್ಕದಲ್ಲೇ ಅವರ ಕಿರಾಣಿ ಅಂಗಡಿ. ಮೆಣಸು, ಶೀಗೆ, ಅಂಟುವಾಳಗಳ ಬಾಯಿ ತೆರೆದ ಚೀಲಗಳು ಓಣಿಗೇ ಚಾಚಿಕೊಂಡಿದ್ದವು. ಉಪ್ಪುನೀರು ಗೋಡೆಗಿಳಿದರೆ ತಮ್ಮ ಮಾಲು ಕೆಡುತ್ತದೆ, ಈ ಕಡಲನ್ನು ಬೇರೆ ಕಡೆ ಒಯ್ಯಿರಿ ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ಅವರ ಕೈಯಿಂದ ಕೀಲಿಕೈ ಗೊಂಚಲು ಜಾರಿತು. ಮಂಡಿ ಬಗ್ಗುವುದಿಲ್ಲವೆಂದು ನನ್ನಿಂದಲೇ ಎತ್ತಿಸಿಕೊಂಡರು.

ಮೂಲೆಯಲ್ಲಿ ಸುಬ್ಬಿ ಸೆರಗು ಬಾಯಿಗಿಟ್ಟುಕೊಂಡು ಕುಳಿತಿದ್ದಳು. ದಿನಾ ನೆಲ ಒರೆಸಿ, ತೊಟ್ಟಿಯ ಕಸ ತೆಗೆದು, ಬೀಗ ಹಾಕಿ ಹೋಗುವವಳು ಅವಳೇ. ಹಿಂದಿನ ಸಂಜೆಯೂ ಕೊನೆಗೆ ಹೋದವಳು ಅವಳೇ. ನೊರೆ ಕಂಡ ಸಿಟ್ಟಿನಲ್ಲಿ ಸ್ಫೂರ್ತಿ, ಸಾಬೂನು ನೀರನ್ನು ತೊಟ್ಟಿಗೆ ಚೆಲ್ಲಿದೆ ಎಂದು ಓಣಿಯವರ ಎದುರಿಗೇ ಅವಳನ್ನು ಬೈದು, ಕೆಲಸ ಬಿಡಿಸಿಬಿಟ್ಟಿದ್ದಳು.

"ನಾ ಎಂಥದ್ದೂ ಮಾಡಿಲ್ರಾ," ಎಂದಳು ಸುಬ್ಬಿ. "ಆ ಮೀನು ನನ್ನ ಕೈಯಿಂದ ತಿಂತಿದ್ವು."

"ಆಕಿ ಎಲ್ಲಿಗೂ ಹೋಗೂದು ಬ್ಯಾಡ," ಎಂದರು ಗುರುಶಾಂತವ್ವ. "ಮೊದಲ ಈ ನೊರಿ ಎಲ್ಲಿಂದ ಬಂತು ಹೇಳ್ರಿ."

ಕಾರ್ತಿಕ ಕಪಾಟು ತೆರೆದು ತೋರಿಸಿದ. ಅಲ್ಲಿ ಇನ್ನೊಂದು ಸಣ್ಣ ತೊಟ್ಟಿ. ಮೇಲಿನ ನೀರು ಕೆಳಗಿಳಿದು, ಸೋಸಿಕೊಂಡು, ಮತ್ತೆ ಮೇಲೇರುತ್ತದೆ. ಅದರೊಳಗೆ ಉದ್ದನೆಯ ಕೊಳವೆಯಂಥ ಯಂತ್ರ ನಿಂತಿತ್ತು. ಅದೇ ಪ್ರೋಟೀನ್ ಸ್ಕಿಮ್ಮರ್. ನೀರಿನೊಳಗೆ ಸಣ್ಣ ಗುಳ್ಳೆಗಳನ್ನು ನುಗ್ಗಿಸುತ್ತದೆ. ಮೀನಿನ ಕೊಳೆ ಆ ಗುಳ್ಳೆಗಳಿಗೆ ಅಂಟಿ, ನೊರೆಯಾಗಿ ಮೇಲೇರಿ, ತಲೆಯ ಮೇಲಿನ ಕಪ್ಪಿಗೆ ಬೀಳುತ್ತದೆ. ದಿನಕ್ಕೆ ಸ್ವಲ್ಪ ಕೊಳೆನೀರು ಸಿಕ್ಕರೆ ಸರಿಯಿದೆ ಎಂದರ್ಥ. ಅವತ್ತು ಅದು ಕಪ್ ತುಂಬಿ, ಮುಚ್ಚಳ ಎತ್ತಿ ಎಸೆದು, ಉಕ್ಕಿ ಹರಿದಿತ್ತು. ಕಾರ್ತಿಕ ಬಂದವನೇ ಅದನ್ನು ಆರಿಸಿದ್ದ.

ಗುರುಶಾಂತವ್ವ ಒಂದೊಂದಾಗಿ ಕೇಳಿದರು. ಕೆಳಗಿನ ತೊಟ್ಟಿಯಲ್ಲಿ ನೀರು ಏರಿತ್ತೇ? ಇಲ್ಲ, ಗೆರೆಯಿಂದ ಕೆಳಗೇ ಇತ್ತು. ಗಾಳಿಯ ತಿರುಪು ಯಾರಾದರೂ ಮುಟ್ಟಿದ್ದಾರೆಯೇ? ಗುರುತು ಹಾಕಿದಲ್ಲೇ ಇದೆ. ಹೊಸ ಉಪ್ಪೇ? ಹಳೆಯ ಚೀಲದ್ದೇ. ಆದರೂ ಅವರು ಅದೇ ಉಪ್ಪನ್ನು ಬಾಟಲಿಯಲ್ಲಿ ಕಲಸಿ ಕುಲುಕಿಸಿದರು. ನೊರೆ ಎದ್ದು ಕೂಡಲೇ ಅಡಗಿತು. ತೊಟ್ಟಿಯ ನೀರು ಕುಲುಕಿಸಿದರೆ ನೊರೆ ಬಾಟಲಿಯ ಕುತ್ತಿಗೆಯವರೆಗೆ ಬಂದು ಹಾಗೇ ನಿಂತಿತು.

"ಯಂತ್ರ ನೆಟ್ಟಗೈತಿ," ಎಂದರು ಅವರು. "ಕೆಟ್ಟಿದ್ದು ನೀರು."

ಅಷ್ಟರಲ್ಲಿ ಪ್ರಥಮ ಬಂದ. ಹಸನ್ಮುಖಿ. ಕುಮಟೆ ಕಡೆಯ ಸಿಗಡಿ ಹೊಂಡಗಳಲ್ಲಿ ಕೆಲಸ ಮಾಡಿ ಬಂದು ಶಿರಸಿಯಲ್ಲಿ ಮೀನಿನ ಅಂಗಡಿ ಇಟ್ಟವನು. ಊರಿನ ಅರ್ಧ ಮನೆಗಳ ಗಾಜಿನ ಬೋಗುಣಿಗಳಲ್ಲಿ ಅವನ ಮೀನುಗಳೇ ಇದ್ದವು. ಅವನು ಹೊಸ್ತಿಲಲ್ಲೇ ನಿಂತು ಖಾಲಿ ತೊಟ್ಟಿ ನೋಡಿ ತಲೆಯಾಡಿಸಿದ.

"ಬೇಜಾರು ಮಾಡ್ಕಬೇಡ ಸ್ಫೂರ್ತಿ. ಮೀನು ಹೋದ್ರೆ ಹೋಯ್ತು, ಸಿಗಡಿಯಾದ್ರೂ ಉಳೀತಲ್ಲ. ಅಲ್ಲಿಂದ ಮತ್ತೆ ಶುರು ಮಾಡು."

ಸ್ಫೂರ್ತಿ ಬಾಯಿ ತೆರೆಯುವಷ್ಟರಲ್ಲಿ ಗುರುಶಾಂತವ್ವ ಅವಳ ಕೈ ಒತ್ತಿ ಹಿಡಿದರು. ಅವನು ಸಮಾಧಾನ ಹೇಳಿ ಹೋದ ಮೇಲೆ ಟಾರ್ಚು ಕೇಳಿ, ಕಲ್ಲುಗಳ ಸಂದಿಗಳಲ್ಲಿ ಬೆಳಕು ಬಿಟ್ಟರು. ಒಳಗೆ ಕೆಂಪು ಪಟ್ಟೆಯ ಸಿಗಡಿಗಳು ಮೀಸೆ ಆಡಿಸುತ್ತ ನಿರಾಳವಾಗಿ ನಡೆದಾಡುತ್ತಿದ್ದವು. ಅವು ಹಗಲು ಹೊರಗೆ ಬರುವುದೇ ಇಲ್ಲವಂತೆ. ಬೆಳಿಗ್ಗೆಯಿಂದ ಮೀನಿನ ಗಡಿಬಿಡಿಯಲ್ಲಿ ಅವುಗಳ ನೆನಪೇ ಆಗಿರಲಿಲ್ಲ ಎಂದಳು ಸ್ಫೂರ್ತಿ.

ಆಮೇಲೆ ಅವರು ಹಿಂದಿನ ಸಂಜೆಯ ಕತೆ ಕೇಳಿದರು. ಸಮಿತಿ ಬರುವ ಮೊದಲು ಪರಿಚಯದವರಿಗೆ ತೋರಿಸೋಣವೆಂದು ಸ್ಫೂರ್ತಿ ಪರಮೇಶ್ವರಪ್ಪನವರನ್ನೂ ಪ್ರಥಮನನ್ನೂ ಚಹಾಕ್ಕೆ ಕರೆದಿದ್ದಳು. ಪರಮೇಶ್ವರಪ್ಪ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಪ್ರಥಮ ಮೇಲೂ ಕೆಳಗೂ ಎಲ್ಲ ನೋಡಿ, ಕಪಾಟಿನ ಎದುರು ಕುಕ್ಕರಗಾಲಲ್ಲಿ ಕುಳಿತು, ಆ ಕೊಳವೆ ಎಂಥದ್ದು ಎಂದು ಕೇಳಿದ್ದ. ಕಾರ್ತಿಕ ಉತ್ತರಿಸುವಷ್ಟರಲ್ಲಿ ಚಹಾ ಬಂದು ಮಾತು ಬೇರೆ ಕಡೆ ತಿರುಗಿತ್ತು. ಅವರು ಹೋದ ಮೇಲೆ ಕಾರ್ತಿಕ ಮೀನಿಗೆ ಆಹಾರ ಹಾಕಿದ್ದ, ಸುಬ್ಬಿ ನೆಲ ಒರೆಸಿ ಬೀಗ ಹಾಕಿದ್ದಳು. ಆಗ ನೊರೆಯಿರಲಿಲ್ಲ.

"ಹಂಗಾದ್ರ ಕೊನಿಗೆ ಇದ್ದವ್ರೇ ಹಾಕಿರಬೇಕಲ್ಲವ್ವಾ?" ಎಂದು ನಾನು ಅವರದೇ ಮಾತಿನ ಧಾಟಿಯಲ್ಲಿ ಕೇಳಿದೆ.

ಅವರು ಕಾಲೇಜಿನ ಲ್ಯಾಬಿನಿಂದ ಸ್ವಲ್ಪ ಕ್ಲೋರೋಫಾರಂ ತರಲು ನನ್ನನ್ನು ಕಳಿಸಿದರು. ಮೀನಿನ ಔಷಧಿಗೆಂದು ಸ್ಫೂರ್ತಿ ಇಟ್ಟಿದ್ದ ನೀಲಿ ಬಣ್ಣದ ಹನಿ ಅಲ್ಲೇ ಇತ್ತು. ಒಂದು ಶೀಸೆಗೆ ಶುದ್ಧ ಉಪ್ಪುನೀರು, ಇನ್ನೊಂದಕ್ಕೆ ಅದೇ ನೀರಿಗೆ ಸುಬ್ಬಿಯ ನೆಲ ಒರೆಸುವ ಸಾಬೂನು ಪುಡಿ, ಮತ್ತೊಂದಕ್ಕೆ ತೊಟ್ಟಿಯ ನೀರು. ಮೂರಕ್ಕೂ ನೀಲಿ ಹನಿ, ಕ್ಲೋರೋಫಾರಂ ಹಾಕಿ ಕುಲುಕಿಸಿ ಇಟ್ಟರು. ಸಾಬೂನಿನ ಶೀಸೆಯ ತಳ ಕಡುನೀಲಿಯಾಯಿತು. ತೊಟ್ಟಿಯ ನೀರು ಶುದ್ಧ ಉಪ್ಪುನೀರಿನ ಹಾಗೆಯೇ ಉಳಿಯಿತು.

ಅದನ್ನು ನೋಡಿದವರೇ ಸೀರೆ ಎತ್ತಿ ಕಟ್ಟಿ, ಕಪಾಟಿನ ಮುಂದೆ ಕುಳಿತು, ಕೆಳಗಿನ ತೊಟ್ಟಿಯ ಕಲ್ಲುಗಳನ್ನು ಒಂದೊಂದಾಗಿ ತೆಗೆಯತೊಡಗಿದರು. ಅವುಗಳ ಅಡಿಯಿಂದ ಏನನ್ನೋ ಆರಿಸಿ ಬಟ್ಟಲಿಗೆ ಹಾಕಿ ಮುಚ್ಚಿದರು. ನಂತರ ಅವರು ಹೇಳಿದ್ದು ಎಲ್ಲರಿಗೂ ವಿಚಿತ್ರವಾಗಿ ಕಂಡಿತು.

"ಸ್ಕಿಮ್ಮರ್ ಚಾಲೂ ಮಾಡ್ರಿ. ಉಕ್ಕಿದ್ದೆಲ್ಲ ಬಕೆಟ್‌ಗೆ ಬೀಳ್ಲಿ. ಕಡಿಮಿ ಆದಷ್ಟು ಹೊಸಾ ಉಪ್ಪುನೀರು ತುಂಬ್ರಿ. ನಾಳೆ ಮುಂಜಾನೆ ಎಲ್ಲಾರೂ ಇಲ್ಲೇ ಸೇರ್ರಿ."

ಮಾರನೇ ಬೆಳಿಗ್ಗೆ ನೊರೆ ಕಪ್ಪಿನೊಳಗೇ ತಣ್ಣಗೆ ಕುಳಿತಿತ್ತು. ನೀರು ಕನ್ನಡಿಯಂತಾಗಿತ್ತು. ಪರಮೇಶ್ವರಪ್ಪ ಕುರ್ಚಿಯಲ್ಲಿ, ಪ್ರಥಮ ಗೋಡೆಗೊರಗಿ, ಕಾರ್ತಿಕ ಮತ್ತು ಸ್ಫೂರ್ತಿ ತೊಟ್ಟಿಯ ಪಕ್ಕ, ಸುಬ್ಬಿ ಬಾಗಿಲ ಬಳಿ. ಗುರುಶಾಂತವ್ವ ಮೂರು ಶೀಸೆಗಳನ್ನು ಮೇಜಿನ ಮೇಲಿಟ್ಟು, ಅವಸರವಿಲ್ಲದೆ ಶುರುಮಾಡಿದರು.

ಮೊದಲು ಶೀಸೆಗಳ ಅರ್ಥ ಬಿಡಿಸಿ ಹೇಳಿದರು. ಹಾಲಿನಲ್ಲಿ ಸಾಬೂನು ಹಿಡಿಯಲು ಲ್ಯಾಬಿನಲ್ಲಿ ಬಳಸುತ್ತಿದ್ದ ಪರೀಕ್ಷೆ ಅದು. ತೊಟ್ಟಿಗೆ ಸಾಬೂನು ಬಿದ್ದಿರಲೇ ಇಲ್ಲ. ಬಿದ್ದಿದ್ದರೆ ಸಿಗಡಿಗಳೂ ಒದ್ದಾಡಬೇಕಿತ್ತು. ಮೀನುಗಳು ಉಸಿರಿಗೆ ತಡಕಾಡಿದವು, ಸಿಗಡಿಗಳಿಗೆ ಏನೂ ಆಗಲಿಲ್ಲ. ಹಾಗೆ ಮೀನನ್ನು ಮಾತ್ರ ಹಿಡಿಯುವ, ಸಾಬೂನಲ್ಲದ, ಆದರೆ ನೊರೆ ಬರುವ ವಸ್ತು ಯಾವುದು? ಅವರು ಬಟ್ಟಲಿನ ಮುಚ್ಚಳ ತೆಗೆದರು. ಒಳಗೆ ನೆನೆದು ಊದಿದ ಕಂದು ಸಿಪ್ಪೆಗಳಿದ್ದವು.

"ಅಂಟುವಾಳ," ಎಂದರು ಪರಮೇಶ್ವರಪ್ಪ ತಾವಾಗಿಯೇ. ಎಲ್ಲರ ಕಣ್ಣೂ ಅವರ ಮೇಲೆ ತಿರುಗಿತು. ಅವರು ಪೆಚ್ಚಾದರು.

"ನಿಮ್ಮ ಅಂಗಡಿದ ಇರಬಹುದ್ರಿ. ಚೀಲ ಓಣ್ಯಾಗ ಇರತಾವು, ಯಾರರೆ ಒಂದು ಮುಷ್ಟಿ ತಗೋಬಹುದು. ಆದ್ರ ಇದು ಸಿಕ್ಕಿದ್ದು ಕೆಳಗಿನ ತೊಟ್ಟಿ ತಳದಾಗ, ಕಲ್ಲಿನ ಅಡಿ. ಬಿದ್ದ ಕೀಲಿ ಎತ್ತಾಕ ಬರದ ಮಂಡಿ ಅಲ್ಲಿಗೆ ಬಗ್ಗೂದಿಲ್ಲ."

ಮುಂದೆ ಅವರು ಹೊತ್ತಿನ ಲೆಕ್ಕಕ್ಕೆ ಬಂದರು. ಸಾಬೂನು ನೀರಾದರೆ ಹಾಕಿದ ಕೂಡಲೇ ನೊರೆ ಏಳುತ್ತದೆ, ಆದ್ದರಿಂದಲೇ ನಾವೆಲ್ಲ ಕೊನೆಗೆ ಇದ್ದವರನ್ನು ಹಿಡಿದೆವು. ಒಣಗಿದ ಸಿಪ್ಪೆ ಮೊದಲು ನೆನೆಯಬೇಕು, ಮೆಲ್ಲಗೆ ರಸ ಬಿಡಬೇಕು. ಅಂದರೆ ಅದು ಬಿದ್ದದ್ದು ಬೀಗ ಹಾಕುವುದಕ್ಕೆ ಬಹಳ ಮೊದಲೇ, ಚಹಾದ ಹೊತ್ತಿಗೇ ಇರಬಹುದು. ಉಳಿದವರು ಮೂವರು: ಕಾರ್ತಿಕ, ಸುಬ್ಬಿ, ಪ್ರಥಮ.

"ಹಾಕಿದವಗ ಮೀನಿನ ಬಗ್ಗೆ ಭಾಳ ಗೊತ್ತಿತ್ತು. ಸ್ಕಿಮ್ಮರ್ ಬಗ್ಗೆ ಏನೂ ಗೊತ್ತಿರಲಿಲ್ಲ," ಎಂದರು ಗುರುಶಾಂತವ್ವ. "ಗೊತ್ತಿದ್ರ ಮೊದಲ ಅದನ್ನ ಬಂದ್ ಮಾಡತಿದ್ದ. ಅಂಟುವಾಳದ ರಸ ನೀರಾಗ ಬಿಟ್ಟಂಗ ಅದು ನೊರಿ ಮಾಡಿ ಹೊರಗ ಎಳದು ಹಾಕೇತಿ. ಉಕ್ಕಿದ್ದು ಯಂತ್ರದ ರೋಗ ಅಲ್ಲ. ಅದು ಮೀನಿನ ಜೀವ ಉಳಿಸೂ ಕೆಲಸ ಮಾಡಾಕತ್ತಿತ್ತು."

ಸ್ಫೂರ್ತಿ ಆ ಕೊಳವೆಯ ಕಡೆ ನೋಡಿದ ನೋಟ ನನಗೆ ಈಗಲೂ ನೆನಪಿದೆ.

ಕಾರ್ತಿಕನೇ ಸ್ಕಿಮ್ಮರ್ ಕೂರಿಸಿದವನು. ಸುಬ್ಬಿ ದಿನಾ ಅದರ ಕಪ್ ತೊಳೆಯುವವಳು. ಇಬ್ಬರಿಗೂ ಅದರ ಕೆಲಸ ಗೊತ್ತು. ಸಿಹಿನೀರಿನ ತೊಟ್ಟಿಗೆ ಅಂಥ ಯಂತ್ರ ಯಾರೂ ಇಡುವುದಿಲ್ಲ. ಅದೇನೆಂದು ಆ ಸಂಜೆ ಕೇಳಿದವನು ಒಬ್ಬನೇ.

ಪ್ರಥಮ ನಗಲು ನೋಡಿದ. "ಕೇಳಿದ್ದು ತಪ್ಪಾ? ಅಂಟುವಾಳ ಮೀನಿಗೆ ಆಗ್ತಿಲ್ಲೆ ಅಂತ ಹಳ್ಳಿಯವರಿಗೆಲ್ಲ ಗೊತ್ತು."

"ಸಿಗಡಿಗೆ ಏನೂ ಆಗೂದಿಲ್ಲ ಅಂತ ಎಲ್ಲರಿಗೂ ಗೊತ್ತಿಲ್ಲಪ್ಪ. ಸಿಗಡಿ ಹೊಂಡದಾಗ ದುಡದವರಿಗೆ ಗೊತ್ತು. ಸಿಗಡಿ ಮರಿ ಬಿಡೂಕ್ಕಿಂತ ಮೊದಲ ಬ್ಯಾಡಾದ ಮೀನು ಸಾಯಲಿ ಅಂತ ಇಂಥಾದ್ದ ಗುಣದ ಚಾ ಬೀಜದ ಹಿಂಡಿ ಹಾಕತಾರಲ್ಲ? ನಿನ್ನೆ ನೀ ಹೊಸ್ತಿಲದಾಗ ನಿಂತು, ಸಿಗಡಿ ಉಳೀತಲ್ಲ ಅಂದಿ. ಅವು ಕಲ್ಲಿನ ಒಳಗ ಇದ್ವು. ಅವು ಬದಕ್ಯಾವ ಅಂತ ಈ ಸ್ಫೂರ್ತಿಗೇ ಆಗ ಗೊತ್ತಿರಲಿಲ್ಲ. ಮೀನು ಸತ್ತಾವ ಅಂತ ನಿನಗ ಯಾರು ಹೇಳಿದ್ರು?"

ಕಾರ್ತಿಕ ಹಿಂದಿನ ಕೋಣೆಯ ಬಾಗಿಲು ಸರಿಸಿದ. ನೀಲಿ ಡ್ರಮ್ಮಿನಲ್ಲಿ ಕಿತ್ತಳೆ ಮೀನುಗಳು ಗುಂಪಾಗಿ ತಿರುಗುತ್ತಿದ್ದವು. ಪ್ರಥಮ ಹತ್ತಿರ ಹೋಗಿ ಅವನ್ನು ನೋಡಿದ. ಆಮೇಲೆ ನೆಲದ ಮೇಲೆಯೇ ಕುಳಿತುಬಿಟ್ಟ.

"ಘಟ್ಟದ ಮೇಲೆ ಸಮುದ್ರದ ಮೀನು ಬದುಕೂದಿಲ್ಲ ಅಂತ ಊರಿಗೆಲ್ಲ ಹೇಳ್ಕಂಡು ಬಂದಿದ್ದೆ," ಎಂದ. "ಬದುಕಿದ್ವು. ಮರಿನೂ ಹಾಕಿದ್ವು. ಜನ ನನ್ನ ಅಂಗಡಿಗೆ ಬಂದು ಇವಳ ಮೀನಿನ ಸುದ್ದಿ ಹೇಳ್ತಿದ್ರು."

ಪೊಲೀಸಿಗೆ ಹೋಗುವುದೇ ಎಂದು ನಾನು ಸ್ಫೂರ್ತಿಯನ್ನು ಕೇಳಿದೆ. ಅವಳು ಬೇಡವೆಂದಳು. ಪ್ರಥಮ ತನ್ನ ಕೈಯಾರೆ ವಿಜ್ಞಾನ ಮನೆಯವರಿಗೆ ಫೋನು ಮಾಡಿ, ತಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿ ಹಿಂದೆ ಸರಿಯಬೇಕು, ಅಷ್ಟು ಸಾಕು ಎಂದಳು. ಅವನು ನಮ್ಮೆದುರೇ ಫೋನು ಮಾಡಿ ಹೇಳಿದ. ಆಮೇಲೆ ಸ್ಫೂರ್ತಿ ಸುಬ್ಬಿಯ ಕೈ ಹಿಡಿದು ಓಣಿಗೆ ಕರೆದೊಯ್ದಳು. ಅವಳನ್ನು ಎಲ್ಲಿ ನಿಲ್ಲಿಸಿ ಬೈದಿದ್ದಳೋ ಅಲ್ಲೇ ನಿಂತು, ಅಂಗಡಿಯವರೆಲ್ಲ ಕೇಳುವ ಹಾಗೆ, ತಪ್ಪು ತನ್ನದೆಂದೂ ಸುಬ್ಬಿ ಏನೂ ಮಾಡಿಲ್ಲವೆಂದೂ ಹೇಳಿದಳು. ಸುಬ್ಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೀನಿಗೆ ಹಸಿವಾಗಿರ್ತದೆ ಕಾಣಿ," ಎಂದು ಒಳಗೆ ಹೋದಳು.

ಮೀನುಗಳನ್ನು ತೊಟ್ಟಿಗೆ ಬಿಟ್ಟು ಸ್ವಲ್ಪ ಹೊತ್ತಾಗಿತ್ತಷ್ಟೆ, ಯಲ್ಲಾಪುರದವರು ಬಂದರು. ಸಮಿತಿಯ ಮುಖ್ಯಸ್ಥೆ ಗೀತಾ ಮೇಡಂ ಪ್ರಥಮನ ಫೋನಿನಿಂದ ಎಲ್ಲ ತಿಳಿದಿದ್ದರು. ಆದರೂ ಕರುಣೆಗೆ ಕೊಡುವುದಿಲ್ಲ, ನೋಡಿಯೇ ತೀರ್ಮಾನಿಸುತ್ತೇವೆ ಎಂದರು. ಸ್ಫೂರ್ತಿ ಅದನ್ನೇ ಬಯಸಿದ್ದಳು. ಅವರು ನೀರು ನೋಡಿದರು, ಮರಿಗಳನ್ನು ನೋಡಿದರು, ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಸ್ಫೂರ್ತಿ ಯಾವುದಕ್ಕೂ ತಡವರಿಸಲಿಲ್ಲ. ಕೊನೆಗೆ ಮೇಡಂ ಕನ್ನಡಕ ತೆಗೆದು, ಇಷ್ಟು ದೊಡ್ಡ ಪೆಟ್ಟು ತಿಂದೂ ಮೀನು ಉಳಿಸಿಕೊಂಡ ತೊಟ್ಟಿಗಿಂತ ಒಳ್ಳೆಯ ಪಾಠ ಮಕ್ಕಳಿಗೆ ಇನ್ನೇನಿದೆ ಎಂದರು.

ವಿಜ್ಞಾನ ಮನೆ ತೆರೆದ ದಿನ ನಾವೆಲ್ಲ ಯಲ್ಲಾಪುರಕ್ಕೆ ಹೋಗಿದ್ದೆವು. ಗೋಡೆಯಷ್ಟು ಅಗಲದ ತೊಟ್ಟಿಗೆ ಪರದೆ ಹಾಕಿದ್ದರು. ಅದನ್ನು ಸರಿಸಲು ಸ್ಫೂರ್ತಿಯನ್ನು ಕರೆದರು. ಅವಳು ಸುಬ್ಬಿಯನ್ನೂ ಕಾರ್ತಿಕನನ್ನೂ ಮುಂದಕ್ಕೆ ಎಳೆದುಕೊಂಡು ಹೋದಳು. ಮೂವರೂ ಒಟ್ಟಿಗೆ ಹಗ್ಗ ಎಳೆದರು. ದೀಪ ಹತ್ತಿತು. ಕಿತ್ತಳೆ ಮೀನುಗಳು ಕಲ್ಲಿನ ಮರೆಯಿಂದ ಗುಂಪಾಗಿ ಈಜಿ ಬಂದವು. ಕಡಲನ್ನೇ ಕಾಣದ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತರು. ಆ ಗದ್ದಲದಲ್ಲಿ ಯಾರ ಭಾಷಣವೂ ಕೇಳಿಸಲಿಲ್ಲ.

ಗುರುಶಾಂತವ್ವ ಹಿಂದಿನ ಸಾಲಿನಲ್ಲಿ ನಿಂತು ಆ ಮಕ್ಕಳನ್ನೇ ನೋಡುತ್ತಿದ್ದರು. ಕಣ್ಣಂಚು ಒದ್ದೆಯಾಗಿತ್ತು. ನಾನು ನೋಡಿದ್ದು ಗೊತ್ತಾಗಿ ಮುಖ ತಿರುಗಿಸಿದರು.

"ನಡಿ ದೀಕ್ಷಿತಾ," ಎಂದರು. "ನಾವೂ ಒಂದಿಷ್ಟು ಹತ್ರ ಹೋಗಿ ನೋಡೂಣು."