ಚಹಾದೊಳಗಿನ ಚುರುಮುರಿ

"ಸೌಜನ್ಯಾ! ಏನ್ ಮಾಡಾಕತ್ತೀ? ಅದು ಚಹಾ!"

ಅಪ್ಪನ ದನಿಗೆ ಸೌಜನ್ಯಾ ಬೆಚ್ಚಿದಳು. ಮೇಜಿನ ಮೇಲೆ ಹಾಸಿದ ಪೇಪರಿನಲ್ಲಿ ಹಸಿರು ಎಲೆ, ಹುರಿದ ಕಂದು ಅಕ್ಕಿ ಚೆಲ್ಲಿದ್ದವು. ಪಕ್ಕದ ಬಟ್ಟಲಲ್ಲಿ ಅವಳು ಆರಿಸಿಟ್ಟ ಚುರುಮುರಿಯಂಥ ಬಿಳಿ ಅರಳು. ಒಂದು ಹಿಡಿಯೂ ಇರಲಿಲ್ಲ.

ಪಕ್ಕದ ಮನೆಯ ಮಿಚಿಕೊ ಆಂಟಿ ನಿನ್ನೆ ಆ ಪೊಟ್ಟಣವನ್ನು ಬಾಗಿಲಲ್ಲಿಟ್ಟು, ಬೆಲ್ ಒತ್ತಿ, ದೂರ ನಿಂತು ತಲೆ ಬಾಗಿಸಿದ್ದರು. ಹುರಿದ ಅಕ್ಕಿ ಬೆರೆಸಿದ, ಅವರ ಜಪಾನಿನ ಚಹಾ.

"ನಮಗ ಸಮಾಧಾನ ಆಗ್ಲಿ ಅಂತ ಕೊಟ್ಟಾರ. ನಿನಗ ಆಟದ ಸಾಮಾನೇನು?"

"ಆಟ ಅಲ್ಲಪ್ಪಾ, ಪ್ರಾಮಿಸ್. ಇದು ಅಜ್ಜಿಗೆ."

ಅಪ್ಪ ಕುರ್ಚಿ ಎಳೆದು ಕೂತ.

ಹುಬ್ಬಳ್ಳಿಯಲ್ಲಿ ಅಜ್ಜಿ ಕೊರೋನಾದಿಂದ ತೀರಿಕೊಂಡು ನಾಲ್ಕು ದಿನವಾಗಿತ್ತು. ಈ ಪರದೇಶದಿಂದ ಹೊರಡುವ ವಿಮಾನಗಳು ನಿಂತುಹೋಗಿದ್ದವು. ಆಮ್ಸ್ಟೆಲ್‌ವೀನಿನ ಇದೇ ಅಡುಗೆಮನೆಯಲ್ಲಿ ಕೂತು, ಮೊಬೈಲಿನಲ್ಲಿ ಅವರು ನೋಡಿದ್ದು ಇಷ್ಟೇ: ಬಿಳಿ ಪಿಪಿಇ ಕಿಟ್ ತೊಟ್ಟ ಇಬ್ಬರು, ಒಂದು ಆಂಬ್ಯುಲೆನ್ಸ್, ದಡಕ್ಕನೆ ಮುಚ್ಚಿದ ಬಾಗಿಲು. ಅವತ್ತಿನಿಂದ ಅಪ್ಪ ಅತ್ತೂ ಇಲ್ಲ, ಸರಿಯಾಗಿ ಉಂಡೂ ಇಲ್ಲ.

"ಅಜ್ಜ ಹೋದಾಗ ನೀವು ಚಟ್ಟಕ್ಕ ಹೆಗಲು ಕೊಟ್ಟಿದ್ರಿ. ಮುಂದ ಕಾಕಾ ದಾರಿ ತುಂಬ ಚುರುಮುರಿ ತೂರಿದ್ರು. ಹಕ್ಕಿ ಅದನ್ನ ತಿಂದು, ಹೋದವರ ಜೋಡಿ ಹಾರ್ತಾವಂತ ಅಜ್ಜಿನೇ ಹೇಳಿದ್ಲು. ಅಜ್ಜಿಗೆ ಯಾರೂ ತೂರಲಿಲ್ಲಲ್ಲಪ್ಪಾ. ಒಬ್ಬಾಕಿನೇ ಹೋದ್ಲಾ? ಚುರುಮುರಿ ತರಾಕ ಇಂಡಿಯನ್ ಶಾಪ್‌ಗೆ ಕರ್ಕೊಂಡು ಹೋಗ್ರಿ ಅಂದ್ರ ನೀವು ಮಾತಾಡಲೇ ಇಲ್ಲ..."

ಪೇಪರಿನ ಮೇಲೆ ಉಳಿದಿದ್ದ ಒಂದು ಅರಳನ್ನು ಅಪ್ಪ ಹೆಕ್ಕಿ ಬಟ್ಟಲಿಗೆ ಹಾಕಿದ.

"ಜಾಕೆಟ್ ಹಾಕ್ಕೋ," ಎಂದ. "ಸೇತುವೆ ತನಕ ಹೋಗೂಣು."

ಕಾಲುವೆಯ ದಂಡೆಯಲ್ಲಿ ಗಾಳಿ ಕೊರೆಯುತ್ತಿತ್ತು. ಸೌಜನ್ಯಾ ಮುಂದೆ ಮುಂದೆ ನಡೆಯುತ್ತ ಚಿಟಿಕೆ ಚಿಟಿಕೆ ಅರಳು ತೂರಿದಳು. ಬಾತುಕೋಳಿಯೊಂದು ದಡ ಹತ್ತಿ ಹೆಕ್ಕತೊಡಗಿತು.

"ಅಪ್ಪಾ, ನೋಡ್ರಿ, ಬಂತು!"

ತಿರುಗಿ ನೋಡಿದಳು.

ಅಪ್ಪ ಬಹಳ ಹಿಂದೆ ಉಳಿದಿದ್ದ. ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದ. ಸೈಕಲ್ಲಿನವರೊಬ್ಬರು ಬೆಲ್ ಬಾರಿಸಿ ಬಳಸಿಕೊಂಡು ಹೋದರೂ ಕತ್ತೆತ್ತಲಿಲ್ಲ. ಅವನ ಬಲಗೈ ಭುಜದ ಮೇಲೆ ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡಂತಿತ್ತು. ಆ ಭುಜ ಭಾರಕ್ಕೆ ವಾಲಿತ್ತು. ಅದರ ಮೇಲೆ ಏನೂ ಇರಲಿಲ್ಲ.

ಸೌಜನ್ಯಾ ಮತ್ತೆ ಕರೆಯಲಿಲ್ಲ.

ಬಟ್ಟಲಿನ ತಳ ಕಾಣುತ್ತಿತ್ತು. ಸೇತುವೆ ಇನ್ನೂ ದೂರವಿತ್ತು.

ಅವಳು ತನ್ನ ಹೆಜ್ಜೆಯನ್ನು ಸಣ್ಣದು ಮಾಡಿಕೊಂಡಳು. ಚಿಟಿಕೆ ಬಿಟ್ಟು, ಒಂದೊಂದೇ ಅರಳು ಹಾಕುತ್ತ ನಡೆದಳು.